ದಂಡೆ ನಮ್ಮದು, ಗಡ್ಡೆ ಅವುಗಳದು

(ಹಂಪಿಯ ಹೊಳೆದಂಡೆಯ ಶ್ರಮದಾನಕ್ಕೆ ಮುನ್ನಾದಿನ ಹೊಸಪೇಟೆಯಲ್ಲಿ ಸೇರಿದ್ದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಆಡಿದ ಮಾತುಗಳು)



೨೦೨೪ನೆಯ ಇಸವಿ ಆಗಸ್ಟ್ ೧೦ರ ರಾತ್ರಿಯನ್ನು ಈ ಊರಿನಲ್ಲಿ ಯಾರೂ ಮರೆತಿರಲಾರರು. ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ಕಡಿದು, ತುಂಬಿ ನಿಂತಿದ್ದ ನೀರು ಹೊಳೆಗೆ ನುಗ್ಗಿತು. ಆ ವಾರವೆಲ್ಲ ನಾವು ಬೇರೆ ಮಾತನ್ನೇ ಆಡಲಿಲ್ಲ. ಗದ್ದೆಗೆ ನೀರು ಸಿಕ್ಕೀತೆ, ಗಿರಣಿಗೆ ಭತ್ತ ಬಂದೀತೆ, ಅಂಗಡಿಯಲ್ಲಿ ಗಿರಾಕಿ ಕಂಡಾನೆ ಎಂಬುದೇ ಚಿಂತೆ. ಕಡೆಗೆ, ಹರಿಯುವ ನೀರಿನ ನಡುವೆಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಕೂರಿಸಿದ ಕಾರ್ಮಿಕರನ್ನೂ ಇಂಜಿನಿಯರರನ್ನೂ ಹೂವು ಹಾಕಿ ಕೊಂಡಾಡಿದೆವು. ಕೊಂಡಾಡಿದ್ದು ಸರಿಯೇ.

ಆದರೆ ಒಂದು ಮಾತನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ. ನೀರು ಹರಿದು ಹೋದಾಗ ಎದೆ ಎದೆ ಬಡಿದುಕೊಂಡ ನಾವು, ಅದೇ ನೀರು ದಿನದಿನವೂ ಕೆಡುತ್ತಿರುವಾಗ ಏಕೆ ಸುಮ್ಮನಿದ್ದೇವೆ? ಗೇಟು ಮುರಿದದ್ದು ಒಂದು ರಾತ್ರಿಯ ಮಾತು. ಹೊಳೆಗೆ ಕಸ ಸುರಿಯುವುದು ವರ್ಷದ ೩೬೫ ದಿನದ ಕೆಲಸ. ಅದನ್ನು ಮಾಡುತ್ತಿರುವವರು ಹೊರಗಿನವರಲ್ಲ, ಮುಕ್ಕಾಲು ಪಾಲು ನಾವೇ.

ನಾಳೆ ಬೆಳಿಗ್ಗೆ ಗೋಣಿಚೀಲ ಹಿಡಿದು ಹೊರಡುವ ಮುನ್ನ ಯಾತಕ್ಕೆ ಹೋಗುತ್ತಿದ್ದೇವೆ, ಯಾರಿಗಾಗಿ ಹೋಗುತ್ತಿದ್ದೇವೆ, ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.

ಹೊಳೆಯ ಒಕ್ಕಲುಗಳು

ನಮ್ಮಲ್ಲಿ ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗೆ ಸುಮಾರು ೩೪ ಕಿಲೋಮೀಟರ್ ಉದ್ದದ ತುಂಗಭದ್ರೆಯನ್ನು ೨೦೧೫ರಲ್ಲಿ ಸರಕಾರ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಸಾರಿತು. ನೀರುನಾಯಿಗಾಗಿಯೇ ಇಂಥ ಮೀಸಲು ಆದದ್ದು ದೇಶದಲ್ಲಿ ಅದೇ ಮೊದಲು. ವಿರೂಪಾಕ್ಷನ ಗೋಪುರವನ್ನು ನೋಡಲು ಲೋಕದ ಮೂಲೆಮೂಲೆಯಿಂದ ಜನ ಬರುತ್ತಾರೆ. ಆ ಗೋಪುರದ ಹಿಂದೆ ಹರಿಯುವ ಹೊಳೆಯಲ್ಲಿ ಯಾರು ಬಾಳುತ್ತಿದ್ದಾರೆಂದು ಪಕ್ಕದ ಊರಿನ ನಮಗೇ ಗೊತ್ತಿಲ್ಲ.

ನಮ್ಮ ಹೊಳೆಯಲ್ಲಿರುವುದು ನುಣುಪು ತುಪ್ಪಳದ ನೀರುನಾಯಿ. ಭಾರತದಲ್ಲಿರುವ ಮೂರು ಬಗೆಯ ನೀರುನಾಯಿಗಳಲ್ಲಿ ಇದೇ ದೊಡ್ಡದು. ಚಪ್ಪಟೆ ಬಾಲ, ಬೆರಳುಗಳ ನಡುವೆ ತೊಗಲಿನ ಪಾದ. ಇದು ಒಂಟಿಯಲ್ಲ. ಗಂಡು, ಹೆಣ್ಣು, ಮರಿ, ಹೋದ ವರ್ಷದ ಮರಿ ಎಲ್ಲವೂ ಒಟ್ಟಾಗಿ ಮೀನನ್ನು ಅಟ್ಟಿ ಹಿಡಿಯುತ್ತವೆ. ಬಂಡೆಯ ಸಂದಿನಲ್ಲಿ, ಜೊಂಡಿನ ಮರೆಯಲ್ಲಿ, ದಂಡೆಯ ಬಿಲದಲ್ಲಿ ಮರಿ ಸಾಕುತ್ತವೆ. ಇವುಗಳ ಜೊತೆಗೆ ಮೊಸಳೆಗಳಿವೆ, ಮೆದುಚಿಪ್ಪಿನ ಆಮೆಗಳಿವೆ, ಬಗೆಬಗೆಯ ಮೀನುಗಳಿವೆ. ನಡುಹೊಳೆಯ ಬಂಡೆ ಮತ್ತು ಮರಳಿನ ಮೇಲೆ ಗೂಡೆನ್ನುವ ಗೂಡೂ ಇಲ್ಲದೆ ಮೊಟ್ಟೆಯಿಡುವ ರೀವ ಹಕ್ಕಿಗಳಿವೆ.

ಇವಕ್ಕೆಲ್ಲ ಆಸರೆ ನಮ್ಮ ಗಡ್ಡೆಗಳು. ವಿರೂಪಾಪುರ ಗಡ್ಡೆಯನ್ನೂ ಆನೆಗೊಂದಿಯ ನವಬೃಂದಾವನದ ಗಡ್ಡೆಯನ್ನೂ ಎಲ್ಲರೂ ಬಲ್ಲರು. ಹೆಸರಿಲ್ಲದ ಸಣ್ಣ ಸಣ್ಣ ಗಡ್ಡೆಗಳು ಕಂಪ್ಲಿಯವರೆಗೂ ಹರಡಿಕೊಂಡಿವೆ. ಸುತ್ತ ನೀರಿರುವುದರಿಂದ ಅಲ್ಲಿಗೆ ನಾಯಿ, ದನ, ಮನುಷ್ಯರ ಕಾಟ ಕಡಿಮೆ. ಆ ಕಾರಣದಿಂದಲೇ ಹೊಳೆಯ ಬಡ ಪ್ರಾಣಿಗಳು ಅಲ್ಲಿ ಸಂಸಾರ ಹೂಡಿವೆ. ಬೇಸಿಗೆಯಲ್ಲಿ ಅಣೆಕಟ್ಟಿನಿಂದ ಬರುವ ನೀರು ಇಳಿದಾಗ ಹೊಳೆ ಮಡುಮಡುವಾಗಿ ಒಡೆಯುತ್ತದೆ. ಆಗ ಮೀನು, ಆಮೆ, ನೀರುನಾಯಿ, ಮೊಸಳೆ ಎಲ್ಲಕ್ಕೂ ಉಳಿಯುವುದು ಆ ಮಡುಗಳೇ. ನಾವು ಎಸೆದ ಕಸವೂ ಊರಿನ ಚರಂಡಿಯ ನೀರೂ ನಿಲ್ಲುವುದು ಆ ಮಡುಗಳಲ್ಲಿಯೇ. ಮಳೆಗಾಲದಲ್ಲಿ ಹೊಳೆ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆಂಬ ಧೈರ್ಯ ನಮಗಿದೆ. ಬೇಸಿಗೆಯಲ್ಲಿ ಅದಕ್ಕೆ ಹೊರುವ ಶಕ್ತಿಯಿಲ್ಲ.

ಕಸದ ಜಾತಕ

ನಾಳೆ ನಾವು ಎತ್ತುವ ಕಸವನ್ನು ಸುಮ್ಮನೆ ಚೀಲಕ್ಕೆ ತುಂಬಿ ಬಿಸಾಕಬಾರದು. ಅದನ್ನು ಬೇರೆ ಬೇರೆ ರಾಶಿ ಹಾಕಿ ನೋಡೋಣ. ಏನು ಸಿಗುತ್ತದೆಂದು ಈಗಲೇ ಹೇಳಬಹುದು. ಸ್ನಾನಘಟ್ಟದಲ್ಲಿ ಶಾಂಪೂ ಪೊಟ್ಟಣ, ಸಾಬೂನಿನ ಕಾಗದ, ಪಾಪ ಕಳೆಯಲೆಂದು ನೀರಿಗೆ ಬಿಟ್ಟ ಹಳೆಯ ಬಟ್ಟೆ, ಗಾಜು ಒಡೆದ ದೇವರ ಪಟ. ದಂಡೆಯ ಮೇಲೆ ಗುಟಕಾ ಚೀಟಿ, ನೀರಿನ ಬಾಟಲಿ, ಚಹದ ಲೋಟ, ಹಾಲಿನ ಚೀಲ. ಕಲ್ಲುಸಂದಿಯಲ್ಲಿ ಸಾರಾಯಿ ಬಾಟಲಿಯ ಚೂರು. ಜೊಂಡಿನಲ್ಲಿ ಸಿಕ್ಕಿಕೊಂಡ ಹರಕು ನೈಲಾನ್ ಬಲೆ. ಈ ಕಡೆಯದು ಎಲ್ಲಕ್ಕಿಂತ ಕೆಟ್ಟದ್ದು. ಹತ್ತಿಯ ನೂಲು ನೀರಿನಲ್ಲಿ ಕೊಳೆಯುತ್ತದೆ, ನೈಲಾನ್ ಕೊಳೆಯುವುದಿಲ್ಲ. ಯಾರೂ ಎಳೆಯದ ಬಲೆ ತಾನಾಗಿಯೇ ಬೇಟೆಯಾಡುತ್ತಿರುತ್ತದೆ. ಅದಕ್ಕೆ ಸಿಕ್ಕಿದ ಆಮೆ, ನೀರುನಾಯಿ ಉಸಿರಿಗಾಗಿ ಮೇಲೆ ಬರಲಾರದೆ ಸಾಯುತ್ತವೆ.

ಈ ಕಸದ ಜಾತಕ ಬರೆದರೆ ಅದು ನಮ್ಮ ಅಂಗಡಿಗಳಿಂದಲೇ ಶುರುವಾಗುತ್ತದೆ. ೨೦೧೬ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ೨೦೨೨ರ ಜುಲೈ ೧ರಿಂದ ಕೇಂದ್ರ ಸರಕಾರ ನಿಷೇಧಿಸಿತು. ನಿಷೇಧ ಕಾಗದದ ಮೇಲಿದೆ, ಚೀಲ ನಮ್ಮ ಗಲ್ಲೆಯ ಕೆಳಗಿದೆ. ಅಧಿಕಾರಿ ಬಂದ ದಿನ ಒಳಗೆ, ಹೋದ ದಿನ ಹೊರಗೆ. ಸಣ್ಣ ವ್ಯಾಪಾರಿ ಮಿತ್ರರು ಇದಕ್ಕೆ ಒಂದು ಉತ್ತರ ಹೇಳುತ್ತಾರೆ: "ನಾವು ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಚೀಲ ಮಾಡುವ ಕಾರ್ಖಾನೆಯನ್ನು ಬಿಟ್ಟು ಮಾರುವ ನಮಗೇ ಏಕೆ ದಂಡ?" ಈ ಮಾತಿನಲ್ಲಿ ಸತ್ಯವಿದೆ. ಹುಟ್ಟುವ ಕಡೆ ತಡೆಯದೆ ಬೀದಿಯಲ್ಲಿ ದಂಡ ಹಾಕುವುದು ನ್ಯಾಯವಲ್ಲ, ಅದನ್ನು ನಾವು ಗಟ್ಟಿಯಾಗಿಯೇ ಹೇಳೋಣ. ಆದರೆ ಪಕ್ಕದ ಅಂಗಡಿಯ ಅಂಜಿಕೆಗೆ ಮದ್ದು ನಮ್ಮ ಕೈಯಲ್ಲಿಯೇ ಇದೆ. ಒಂದು ಬೀದಿಯ ಎಲ್ಲ ಅಂಗಡಿಯವರೂ ಒಂದೇ ದಿನ ಕೊಡುವುದನ್ನು ನಿಲ್ಲಿಸಿದರೆ ಗಿರಾಕಿ ಎಲ್ಲಿಗೆ ಹೋದಾನು? ಸಂಘಟನೆ ಎಂಬುದು ಕೂಲಿ ಏರಿಸಿಕೊಳ್ಳಲು ಮಾತ್ರ ಇರುವ ಆಯುಧವಲ್ಲ.

ಇಲ್ಲಿ ಎಸೆದ ಕಸ ಇಲ್ಲಿಯೇ ನಿಲ್ಲುವುದಿಲ್ಲ ಎಂಬುದನ್ನೂ ತಿಳಿಯಬೇಕು. ತುಂಗಭದ್ರೆ ಕರ್ನೂಲನ್ನು ದಾಟಿ ಕೃಷ್ಣೆಯನ್ನು ಸೇರುತ್ತದೆ. ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ತಡೆದು ಉಳಿದದ್ದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ಕರಾವಳಿಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಸಮುದ್ರವನ್ನೇ ಕಾಣದ ಹೊಸಪೇಟೆಯವನಿಗೂ ಸಮುದ್ರದ ದಂಡೆಯ ಮೇಲೆ ಒಂದು ಋಣವಿದೆ ಎಂದಂತಾಯಿತು.

ಮುಂಬಯಿಯ ವರ್ಸೋವಾ ಕಡಲದಂಡೆಯಲ್ಲಿ ೨೦೧೫ರಲ್ಲಿ ಅಫ್ರೋಜ್ ಶಾ ಎಂಬ ವಕೀಲರು ನೆರೆಮನೆಯ ಹಿರಿಯರೊಬ್ಬರನ್ನು ಕೂಡಿಕೊಂಡು ಕಸ ಎತ್ತಲು ಶುರು ಮಾಡಿದರು. ವಾರವಾರವೂ ಜನ ಸೇರಿದರು. ೨೦೧೮ರಲ್ಲಿ ಆ ದಂಡೆಯಲ್ಲಿ ಕಡಲಾಮೆಯ ಮರಿಗಳು ಮೊಟ್ಟೆಯೊಡೆದು ನೀರಿಗಿಳಿದದ್ದನ್ನು ಊರು ಕಂಡಿತು. ಆದರೆ ಮಳೆ ಬಂದಾಗಲೆಲ್ಲ ಊರಿನ ಕಸ ಮತ್ತೆ ದಂಡೆಗೆ ಬರುತ್ತಿತ್ತು. ಆಗ ಅವರು ಕಸ ಬರುವ ದಾರಿಯನ್ನೇ ಹಿಡಿದು ಮೀಠಿ ನದಿಯತ್ತ ನಡೆದರು. ನಮ್ಮ ರಾಜ್ಯದ ಕುಂದಾಪುರದ ಕೋಡಿ ದಂಡೆಯಲ್ಲಿಯೂ ಊರವರು ಮತ್ತು ಅರಣ್ಯ ಇಲಾಖೆಯವರು ಕೂಡಿ ಕಡಲಾಮೆಯ ಮೊಟ್ಟೆಗಳಿಗೆ ಬೇಲಿ ಕಟ್ಟಿ ಕಾದಿದ್ದಾರೆ. ಇವರ ಅನುಭವದಿಂದ ನಾವು ಕಲಿಯುವ ಪಾಠ ಇಷ್ಟು: ದಂಡೆ ಗುಡಿಸುವುದು ಕೆಲಸದ ಮೊದಲ ಹೆಜ್ಜೆ, ಕಸದ ಬಾಯಿಯನ್ನು ಮುಚ್ಚುವುದು ಎರಡನೆಯದು. ಎರಡನೆಯದಿಲ್ಲದೆ ಮೊದಲನೆಯದು ನಿಲ್ಲುವುದಿಲ್ಲ.

ಬಲೆಗೆ ದುಡ್ಡು ಯಾರು ಕೊಡ್ತಾರ?

ಈ ಶ್ರಮದಾನದ ಸುದ್ದಿ ಹೇಳಲು ನಾವು ಕಂಪ್ಲಿಯ ಕಡೆ ಹೋಗಿದ್ದಾಗ ವಯಸ್ಸಾದ ಮೀನುಗಾರರೊಬ್ಬರು ಹರಿಗೋಲಿನ ಅಂಚಿಗೆ ಕೂತು ನಮ್ಮ ಮಾತನ್ನೆಲ್ಲ ಕೇಳಿದರು. ಕೇಳಿ ಹೇಳಿದರು: "ಎಲ್ಲಾ ಚಲೋ ಐತ್ರೀ. ನೀರುನಾಯಿ ಉಳಿಸ್ರಿ ಅಂತೀರಿ, ಉಳಿಸೋಣು. ಅದು ಬಂದು ನನ್ನ ಬಲೆ ಹರದು ಮೀನ ತಿಂದು ಹೋಗತೈತಿ. ಆ ಬಲೆಗೆ ದುಡ್ಡು ಯಾರು ಕೊಡ್ತಾರ?"

ನಮ್ಮ ಹತ್ತಿರ ಉತ್ತರವಿರಲಿಲ್ಲ. ಇಂದೂ ಪೂರ್ತಿಯಾಗಿ ಇಲ್ಲ. ಆದರೆ ಆ ಪ್ರಶ್ನೆಯನ್ನು ಬದಿಗೊತ್ತಿ ಯಾರಾದರೂ ಹೊಳೆಯನ್ನು ಉಳಿಸುತ್ತೇವೆಂದರೆ ಅವರು ಹೊಳೆಯನ್ನೂ ಉಳಿಸಲಾರರು, ಜನರನ್ನೂ ಉಳಿಸಲಾರರು. ಪ್ರಾಣಿ ನಮ್ಮೆಲ್ಲರ ಆಸ್ತಿ, ನಷ್ಟ ಮಾತ್ರ ಬಡ ಮೀನುಗಾರನದು ಎಂಬ ಲೆಕ್ಕ ಯಾವ ನ್ಯಾಯ? ಆನೆ ತುಳಿದ ಬೆಳೆಗೆ ಸರಕಾರ ಪರಿಹಾರ ಕೊಡುತ್ತದೆ. ಅದೇ ನ್ಯಾಯ ಹರಿದ ಬಲೆಗೂ ಸಲ್ಲಬೇಕೆಂದು ಕೇಳುವುದು ನಮ್ಮ ಕರ್ತವ್ಯ.

ಇನ್ನೊಂದು ಕಡೆಯ ಮಾತನ್ನೂ ಮುಚ್ಚಿಡದೆ ಆಡಬೇಕು. ಕೆಲವರು ಸಿಡಿಮದ್ದು ಎಸೆದು ಮೀನು ಹಿಡಿಯುತ್ತಾರೆ. ಕೆಲವರು ಬ್ಲೀಚಿಂಗ್ ಪೌಡರಿನಂಥ ವಿಷ ಹಾಕುತ್ತಾರೆ. ೧೮೯೭ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಇದು ಅಪರಾಧ. ಮದ್ದು ಸಿಡಿದ ಮಡುವಿನಲ್ಲಿ ದೊಡ್ಡ ಮೀನಿನೊಡನೆ ಮರಿಯೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಮೇಲೆ ತೇಲಿದ ನಾಲ್ಕನ್ನು ಹಿಡಿದವನು ಒಂದು ದಿನದ ಮಟ್ಟಿಗೆ ಗೆದ್ದ. ಬಲೆ ಬೀಸಿ ಬದುಕುವ ನೂರು ಮನೆಯವರು ವರ್ಷಪೂರ್ತಿ ಸೋತರು. ನೀರುನಾಯಿ ಹಸಿವಿದ್ದಷ್ಟು ತಿನ್ನುತ್ತದೆ, ಮದ್ದು ಹೊಳೆಯ ಬೀಜವನ್ನೇ ಸುಡುತ್ತದೆ. ಹೀಗಿರುವಾಗ ಮೀನುಗಾರನ ನಿಜವಾದ ಶತ್ರು ಯಾರು? ಬಂಡೆ ಒಡೆಯಲೆಂದು ಬರುವ ಮದ್ದು ಹೊಳೆಯ ದಂಡೆಗೆ ಯಾವ ದಾರಿಯಿಂದ ಬರುತ್ತದೆ ಎಂದು ಕೇಳುವ ಧೈರ್ಯ ನಮಗೆಲ್ಲ ಬೇಕು.

ಸಂಡೂರಿನಿಂದ ಬಂದ ಗಣಿ ಕಾರ್ಮಿಕ ಮಿತ್ರರು ಇಲ್ಲಿದ್ದಾರೆ. ಅವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಗುಡ್ಡ ಅಗೆದವರು ಸಿರಿವಂತರಾದರು, ಕೆಂಪು ಧೂಳು ಊರಿನ ಪಾಲಾಯಿತು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಕೆಲಸ ಕಳೆದುಕೊಂಡವರು ಕೂಲಿಯವರೇ. ತುಂಗಭದ್ರಾ ಜಲಾಶಯ ಮೊದಲಿಗೆ ಸುಮಾರು ೧೩೩ ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು ೧೦೫.೭೯ ಟಿ.ಎಂ.ಸಿ. ಉಳಿದ ಜಾಗವನ್ನು ಹೂಳು ನುಂಗಿದೆ. ಆ ಹೂಳೆಲ್ಲ ಸಂಡೂರಿನದೇ ಅಲ್ಲ. ಮೇಲಿನ ಸೀಮೆಯ ಬೋಳಾದ ಗುಡ್ಡ, ಬದುವಿಲ್ಲದ ಹೊಲ ಎಲ್ಲವೂ ಸೇರಿವೆ. ಆದರೆ ತಪ್ಪು ಮೇಲೆ ನಡೆದು ನಷ್ಟ ಕೆಳಗಿಳಿಯುವ ಕ್ರಮ ಮಾತ್ರ ಎಲ್ಲ ಕಡೆಯೂ ಒಂದೇ. ಹೊಳೆಯ ಮಡುವಿನಲ್ಲಿ ಕಡೆಯ ನಷ್ಟ ಅನುಭವಿಸುವುದು ಮಾತು ಬಾರದ ಪ್ರಾಣಿ.

ರಕ್ಷಣೆಯ ಹೆಸರಿನ ಅಂಜಿಕೆ

ಹಂಪಿಯ ವ್ಯಾಪಾರಿಗಳಲ್ಲಿ ಒಂದು ಅಂಜಿಕೆಯಿದೆ. ರಕ್ಷಣೆ ಎಂಬ ಮಾತು ಕಿವಿಗೆ ಬಿದ್ದರೆ ತಮ್ಮನ್ನು ಎಬ್ಬಿಸಲು ಬಂದರೆಂದೇ ಅವರು ತಿಳಿಯುತ್ತಾರೆ. ಅದು ಸುಳ್ಳು ಅಂಜಿಕೆಯಲ್ಲ. ೨೦೧೧ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿ ಅಂಗಡಿ ಇಟ್ಟಿದ್ದವರನ್ನು ಎಬ್ಬಿಸಲಾಯಿತು. ೨೦೨೦ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಲಾಯಿತು. ಅಲ್ಲಿನ ಕಟ್ಟಡಗಳು ಕಾನೂನಿಗೆ ವಿರುದ್ಧವಾಗಿದ್ದವೆಂಬುದು ನಿಜ. ಅಲ್ಲಿ ಪಾತ್ರೆ ತಿಕ್ಕಿ, ಹಾಸಿಗೆ ಒಗೆದು ಹೊಟ್ಟೆ ಹೊರೆಯುತ್ತಿದ್ದವರ ಕೂಲಿಯೂ ಜೊತೆಯಲ್ಲಿಯೇ ಹೋಯಿತೆಂಬುದೂ ನಿಜ. ಎರಡು ನಿಜಗಳಲ್ಲಿ ಒಂದನ್ನು ಮಾತ್ರ ಹೇಳುವವನು ಅರ್ಧ ಸುಳ್ಳುಗಾರ.

ಇದಕ್ಕೆ ಪರಿಹಾರವೇನು? ಕಾನೂನಿನಲ್ಲಿಯೇ ಒಂದು ಬಾಗಿಲಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೨೦೦೨ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಸಂರಕ್ಷಣಾ ಮೀಸಲು ಎಂಬ ಹೊಸ ಬಗೆ ಬಂತು. ಮೀಸಲನ್ನು ಸಾರುವ ಮುಂಚೆ ಸ್ಥಳೀಯ ಜನರೊಡನೆ ಸಮಾಲೋಚಿಸಬೇಕೆಂದು ಅದು ಹೇಳುತ್ತದೆ. ಮೀಸಲನ್ನು ನೋಡಿಕೊಳ್ಳಲು ಸಲಹೆ ಕೊಡುವ ಸಮಿತಿಯಲ್ಲಿ, ಮೀಸಲಿನ ವ್ಯಾಪ್ತಿಯ ಒಂದೊಂದು ಗ್ರಾಮ ಪಂಚಾಯತಿಗೂ ಒಬ್ಬೊಬ್ಬ ಪ್ರತಿನಿಧಿ ಇರಬೇಕೆಂದೂ ಹೇಳುತ್ತದೆ. ಹಾಗಿದ್ದಮೇಲೆ ನಿಮ್ಮ ನಿಮ್ಮ ಊರಿನ ಪಂಚಾಯತಿ ಸದಸ್ಯರನ್ನು ಕೇಳಿ: ನಮ್ಮ ಪ್ರತಿನಿಧಿ ಯಾರು? ಸಭೆ ಯಾವಾಗ ಸೇರಿತು? ಮೀನುಗಾರರ ಬಲೆಯ ಮಾತನ್ನೂ ಹರಿಗೋಲಿನವರ ಕೂಲಿಯ ಮಾತನ್ನೂ ಅಲ್ಲಿ ಯಾರು ಎತ್ತಿದರು? ಹೊಳೆಯನ್ನು ದಿನವೂ ನೋಡುವವನು ಕಾವಲುಗಾರನಾದರೆ ಅವನನ್ನು ಎಬ್ಬಿಸುವ ಮಾತೇ ಹುಟ್ಟುವುದಿಲ್ಲ. ಹೊಳೆಯನ್ನು ಹೊಲಸು ಮಾಡುವವನಾಗಿ ನಾವು ನಿಂತರೆ, ಎಬ್ಬಿಸುವವರ ಕೈಗೆ ಕೋಲು ಕೊಟ್ಟವರು ನಾವೇ ಆಗುತ್ತೇವೆ.

ಡಾ. ರಾಮಮನೋಹರ ಲೋಹಿಯಾ ಅವರು ೧೯೫೮ರಲ್ಲಿಯೇ ಕಾಶಿಯಲ್ಲಿ ನದಿಗಳನ್ನು ಸ್ವಚ್ಛಗೊಳಿಸುವ ಮಾತನ್ನು ಎತ್ತಿದ್ದರು. ಸಾರ್ವಜನಿಕ ಕೆಲಸ ಮಾಡುವವನ ಕೈಯಲ್ಲಿ ಗುದ್ದಲಿ, ಮತ, ಸೆರೆಮನೆ ಮೂರೂ ಇರಬೇಕೆಂಬುದು ಅವರ ವಿಚಾರ. ನಾಳೆಯದು ಗುದ್ದಲಿಯ ಕೆಲಸ. ಪಂಚಾಯತಿಯಲ್ಲಿ, ನಗರಸಭೆಯಲ್ಲಿ ಕೇಳುವುದು ಮತದ ಕೆಲಸ. ಮೊದಲೆರಡನ್ನು ನೆಟ್ಟಗೆ ಮಾಡಿದವನಿಗೆ ಮೂರನೆಯದರ ಹೊತ್ತು ಬಂದರೆ ಅಂಜಿಕೆಯಿರುವುದಿಲ್ಲ.

ನಾಳೆಯ ಕಟ್ಟಳೆಗಳು

ಇನ್ನು ನಾಳೆಯ ಕೆಲಸದ ಮಾತು. ದಯವಿಟ್ಟು ಗಮನವಿಟ್ಟು ಕೇಳಬೇಕು.

ಮೊದಲನೆಯದಾಗಿ, ಯಾರೂ ಗಡ್ಡೆಗೆ ಹೋಗಕೂಡದು. ಉತ್ಸಾಹದಲ್ಲಿ ಹರಿಗೋಲು ಹತ್ತಿ, ಅಲ್ಲಿಯೂ ಕಸವಿದೆ ಎಂದು ಹೊರಡಬೇಡಿ. ಇದು ಬಿಸಿಲೇರುವ ಹೊತ್ತು. ಮೊಸಳೆ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುವ ಕಾಲ, ರೀವ ಹಕ್ಕಿ ಬಂಡೆಯ ಮೇಲೆ ಮೊಟ್ಟೆಯಿಡುವ ಕಾಲ. ಮೊಟ್ಟೆ ಮರಳಿನ ಬಣ್ಣದ್ದೇ ಇರುವುದರಿಂದ ಕಾಲಡಿಗೆ ಬಂದದ್ದೂ ತಿಳಿಯುವುದಿಲ್ಲ. ಒಳ್ಳೆಯದು ಮಾಡಲು ಹೋದ ಐವತ್ತು ಜೋಡಿ ಕಾಲು ಒಂದು ಬೆಳಿಗ್ಗೆಯಲ್ಲಿ ಒಂದು ವರ್ಷದ ಸಂತಾನವನ್ನು ತುಳಿಯಬಲ್ಲದು. ಗಡ್ಡೆಯ ಕಸದ ಮಾತನ್ನು ಅರಣ್ಯ ಇಲಾಖೆಯವರು ಮತ್ತು ಅಲ್ಲಿನ ನೆಲ ಬಲ್ಲ ಅಂಬಿಗರು ಕೂಡಿ, ಮರಿಗಳು ದೊಡ್ಡವಾದ ಮೇಲೆ ನೋಡಿಕೊಳ್ಳಲಿ. ದಂಡೆ ನಮ್ಮದು, ಗಡ್ಡೆ ಅವುಗಳದು.

ಎರಡನೆಯದಾಗಿ, ಜೊಂಡನ್ನು ಕೀಳಬಾರದು, ಪೊದೆಯನ್ನು ಕಡಿಯಬಾರದು. ಜೊಂಡು ಕಸವಲ್ಲ, ಅದು ನೀರುನಾಯಿಯ ಮನೆಯ ಗೋಡೆ. ನೀರಿಗೆ ಇಳಿಯಬಾರದು. ಮೊಸಳೆಯ ಮಾತು ಹಾಗಿರಲಿ, ಬಂಡೆಗಳ ನಡುವಿನ ಸುಳಿಗೆ ಈಜು ಬಲ್ಲವರೂ ಬಲಿಯಾಗಿದ್ದಾರೆ. ನೀರಿನಲ್ಲಿ ಸಿಕ್ಕಿಕೊಂಡ ಬಲೆಯನ್ನು ಮೀನುಗಾರ ಮಿತ್ರರೇ ಎಳೆದು ಕೊಡುತ್ತಾರೆ, ನಾವು ದಂಡೆಯ ಮೇಲೆ ಪಡೆದುಕೊಳ್ಳೋಣ.

ಮೂರನೆಯದಾಗಿ, ಎತ್ತಿದ ಕಸಕ್ಕೆ ಅಲ್ಲಿಯೇ ಬೆಂಕಿ ಹಚ್ಚಬಾರದು. ಗಾಜು, ಪ್ಲಾಸ್ಟಿಕ್, ಬಟ್ಟೆ, ಬಲೆ ನಾಲ್ಕು ರಾಶಿಯಾಗಲಿ. ತೂಗಿ, ಲೆಕ್ಕ ಬರೆದು, ಆ ಲೆಕ್ಕವನ್ನು ಅಧಿಕಾರಿಗಳ ಮುಂದೆಯೂ ನಮ್ಮ ಅಂಗಡಿಗಳ ಮುಂದೆಯೂ ಇಡೋಣ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ನಾವು ಒಂದು ಬೆಳಿಗ್ಗೆ ಕಸ ಎತ್ತಿ ಮನೆಗೆ ಬಂದು ಸ್ನಾನ ಮಾಡುತ್ತೇವೆ. ಪೌರಕಾರ್ಮಿಕರು ದಿನವೂ ಎತ್ತುತ್ತಾರೆ, ಎಷ್ಟೋ ಸಲ ಬರಿಗೈಯಲ್ಲಿ. ನಮ್ಮ ಶ್ರಮದಾನವನ್ನು ತೋರಿಸಿ ಯಾರಾದರೂ "ಜನರೇ ಗುಡಿಸುತ್ತಾರೆ, ಆಳು ಏಕೆ ಬೇಕು" ಎಂದರೆ ಅದಕ್ಕೆ ನಾವು ಒಪ್ಪಬಾರದು. ನಮ್ಮ ದಾನ ಯಾರ ಕೂಲಿಯನ್ನೂ ಕಡಿಯುವ ಕತ್ತರಿಯಾಗಬಾರದು. ಸ್ನಾನಘಟ್ಟಗಳಿಗೆ ಖಾಯಂ ಆಳು, ಅವರಿಗೆ ಕೈಗವಸು, ಸರಿಯಾದ ಸಂಬಳ ಬೇಕೆಂಬುದೂ ನಾಳೆಯ ಬೇಡಿಕೆಗಳಲ್ಲಿ ಒಂದು.

ಕಡೆಯದಾಗಿ, ನಾಳೆ ಒಂದೇ ದಿನ ಮಾಡಿ ಚಿತ್ರ ತೆಗೆಸಿಕೊಂಡು ಬರುವುದಾದರೆ ಹೋಗದಿರುವುದೇ ಲೇಸು. ತಿಂಗಳಿಗೆ ಒಂದು ಭಾನುವಾರ, ಮಳೆ ಹಿಡಿಯುವವರೆಗೆ. ಹೊಳೆ ತುಂಬಿ ಇಳಿದ ಮೇಲೆ ದಂಡೆಯ ಗಿಡಗಳಿಗೆ ಜೋತುಬಿದ್ದ ಚಿಂದಿ ಕೀಳಲು ಮತ್ತೊಮ್ಮೆ. ಪಾಳಿಯ ಕೆಲಸದವರು ತಮ್ಮ ತಮ್ಮಲ್ಲಿ ಮಾತಾಡಿಕೊಂಡು ಬರಲಿ, ಒಂದು ದಿನದ ಕೂಲಿ ಕಳೆದುಕೊಂಡು ಯಾರೂ ಬರಬೇಕಾಗಿಲ್ಲ. ಅಂಗಡಿಯವರು ಬೆಳಿಗ್ಗೆ ಎರಡು ತಾಸು ತಡವಾಗಿ ಬಾಗಿಲು ತೆರೆದರೆ ಸಾಕು.

ಆ ಹಿರಿಯ ಮೀನುಗಾರರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವುದು ಇನ್ನೂ ಬಾಕಿಯಿದೆ. ನಾವು ಹೊರಡುವಾಗ ಅವರು ಹೇಳಿದ ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇವೆ: "ನೀವು ಬರ್ರಿ. ಬಲೆ ತೆಗ್ಯಾಕ ನಾನೂ ಬರ್ತೀನಿ. ಆದ್ರ ಒಮ್ಮೆ ಬಂದು ಮರೀಬ್ಯಾಡ್ರಿ." ಅವರು ನಾಳೆ ಹರಿಗೋಲಿನೊಡನೆ ಬರುತ್ತಾರೆ. ನಾವೂ ಬೆಳಗಿನ ಐದೂವರೆಗೆ ಹೊಸಪೇಟೆಯ ಬಸ್ ನಿಲ್ದಾಣದ ಮುಂದೆ ಸೇರೋಣ. ಗೋಣಿಚೀಲ, ಕೈಗವಸು, ಮನೆಯಿಂದ ತಂದ ನೀರು. ಅಲ್ಲಿ ಹೋಗಿ ಬಾಟಲಿ ನೀರು ಕೊಳ್ಳುವುದು ಬೇಡ.